ಸೊಸೆಯ ಹೆಸರಿಗೆ ಬರೆದ ಕೊಲೆ

ಆಗಸ್ಟ್ ಹನ್ನೊಂದರ ಮಧ್ಯಾಹ್ನ ಸವಳಂಗದ ಮುರುಗೇಶಪ್ಪ ಸೊಸೆ ಮೇಘಶ್ರೀಯನ್ನು ಕರೆದುಕೊಂಡು ನ್ಯಾಮತಿ ಠಾಣೆಗೆ ಬಂದ.

"ನನ್ನ ತಮ್ಮ ಬಸವರಾಜ್‌ನ ಇವ್ಳೇ ಕೊಂದಿರೋದು ಸಾರ್. ರಾತ್ರಿ ಅಡುಗೆಮನೇಲಿ ಕೈ ಹಿಡಿದನಂತೆ. ಕುಡುಗೋಲು ಬೀಸ್ಯಾಳೆ. ಒಪ್ಕೊಂತಾಳೆ, ಬರ್ಕೊಳ್ರಿ."

"ರಾತ್ರಿ ಸತ್ತೋನಿಗೆ ಮಧ್ಯಾಹ್ನ ಕಂಪ್ಲೇಂಟಾ?" ಇನ್‌ಸ್ಪೆಕ್ಟರ್ ಬಂಗಾರಪ್ಪ ಕೇಳಿದರು.

"ಗಾಬರಿ ಆಗಿತ್ತು ಸಾರ್."

"ನೀನು ಹೇಳಮ್ಮ."

"ಅಡುಗೆಮನೇಲಿ ಕೈ ಹಿಡಿದ್ರು. ಕುಡುಗೋಲು ಬೀಸಿದೆ," ಎಂದಳು ಮೇಘಶ್ರೀ, ನೆಲ ನೋಡುತ್ತ.

ಎಫ್‌ಐಆರ್ ದಾಖಲಾಯಿತು. ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಹೆಣ ಅಡುಗೆಮನೆಯಲ್ಲಿತ್ತು, ಆದರೆ ಅಲ್ಲಿ ಅಂಥ ರಕ್ತವಿರಲಿಲ್ಲ. ಹೆಣದ ಹಿಮ್ಮಡಿಗಳಿಗೆ ಸಗಣಿ ಮೆತ್ತಿತ್ತು. ಹಿತ್ತಿಲ ಕೊಟ್ಟಿಗೆಯ ನೆಲವನ್ನು ಆಗಷ್ಟೇ ಸಾರಿಸಿದ್ದರು. ಗೋಡೆಗೆ ಸಿಡಿದ ರಕ್ತ ಮಾತ್ರ ಉಳಿದಿತ್ತು.

"ಇವಳ ಗಂಡ, ನಿನ್ನ ಮಗ ಕೊಟ್ರೇಶ್ ಎಲ್ಲಿ?" ಬಂಗಾರಪ್ಪ ಮುರುಗೇಶಪ್ಪನನ್ನು ಕೇಳಿದರು.

"ಕೆಲ್ಸದ ಮೇಲೆ ಎಲ್ಲೋ ಹೋಗ್ಯಾನೆ."

ಅವನ ಫೋನ್ ಸ್ವಿಚ್ ಆಫ್ ಆಗಿತ್ತು.

ಠಾಣೆಯಲ್ಲಿ ಮಹಿಳಾ ಕಾನ್‌ಸ್ಟೆಬಲ್ ನೇತ್ರಾವತಿ ಮೇಘಶ್ರೀಯ ಎದುರು ಕುಳಿತಳು.

"ಅವ್ರು ಯಾವ ಬಣ್ಣದ ಅಂಗಿ ಹಾಕಿದ್ರು?"

ಮೇಘಶ್ರೀ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಕುಡುಗೋಲು ಎಲ್ಲೈತೆ?"

"ಮಾವ ಹೇಳ್ತಾರೆ."

ಸಂಜೆ ಕರೆ ವಿವರ ಬಂತು. ಕೊಲೆಯಾದ ರಾತ್ರಿ ಮೇಘಶ್ರೀಯ ಫೋನ್ ಇದ್ದದ್ದು ಅವಳ ತವರು ಜಗಳೂರಿನಲ್ಲಿ. ನಸುಕಿನಲ್ಲಿ ಮುರುಗೇಶಪ್ಪ ಅವಳಿಗೆ ಕರೆ ಮಾಡಿದ್ದ.

"ನಿನಗೆ ಮಕ್ಕಳದಾರೇನಮ್ಮ?" ನೇತ್ರಾವತಿ ಮೆಲ್ಲಗೆ ಕೇಳಿದಳು.

ಮೇಘಶ್ರೀ ಮೊದಲ ಬಾರಿ ತಲೆಯೆತ್ತಿದಳು. "ಒಬ್ಳು ಮಗಳು. ಚಿಕ್ಕಮಾವನಿಗೆ ಹುಷಾರಿಲ್ಲ ಬಾ ಅಂದ್ರು, ಬಂದೆ. ಹೊನ್ನಾಳಿ ಬಸ್‌ಸ್ಟ್ಯಾಂಡಿನಾಗೇ ಮಗೂನ ಕಿತ್ಕೊಂಡು ನಾದಿನಿ ಮನೇಲಿ ಬಿಟ್ರು. ಹೇಳಿಕೊಟ್ಟಂಗೆ ಹೇಳದಿದ್ರೆ ಈ ಜನ್ಮದಾಗೆ ಮಗೀನ ಮುಖ ತೋರ್ಸಲ್ಲ ಅಂದಾರೆ ಅಕ್ಕ."

ನೇತ್ರಾವತಿ ಜೀಪಿನಲ್ಲಿ ಹೊನ್ನಾಳಿಗೆ ಹೋಗಿ ಮಗುವನ್ನು ಕರೆತಂದಳು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೇಲೆ ಮೇಘಶ್ರೀ ಪೂರ್ತಿ ಹೇಳಿಕೆ ಕೊಟ್ಟಳು.

ಬಂಗಾರಪ್ಪ ಆ ಹೇಳಿಕೆಯನ್ನು ಮುಂದಿಟ್ಟಾಗಲೂ ಮುರುಗೇಶಪ್ಪನ ಮುಖದಲ್ಲಿ ನಾಚಿಕೆಯ ಸುಳಿವಿರಲಿಲ್ಲ.

"ಹೆಂಗಸಿಗೆ ಬೇಲ್ ಬೇಗ ಸಿಗ್ತೈತಂತೆ ಸಾರ್. ಮಾನ ಉಳಿಸ್ಕೊಳ್ಳಾಕೆ ಹೊಡೆದ್ಲು ಅಂದ್ರೆ ಶಿಕ್ಷೆನೂ ಕಡಿಮೆಯಂತೆ. ನನಗಿರೋನೊಬ್ಬ ಮಗ. ಅವ್ನು ಒಳಗೆ ಹೋದ್ರೆ ವಂಶ ಏನಾಗ್ಬೇಕು?"

"ಸತ್ತೋನು ನಿನ್ನ ಒಡಹುಟ್ಟಿದೋನಲ್ಲೇನಯ್ಯಾ? ಅವನ ಮೇಲೆ ಇಂಥ ಮಾತು ಹೊರಿಸಿದೆಯಲ್ಲ!"

"ಸತ್ತೋನಿಗೆ ಮಾನ ಏನು ಬಂತು ಸಾರ್?"

ಬಂಗಾರಪ್ಪ ಮುಂದಿದ್ದ ಚಹಾವನ್ನು ಪಕ್ಕಕ್ಕೆ ಸರಿಸಿದರು. ಹಿಂದಿನ ತಿಂಗಳ ಸಭೆಯಲ್ಲಿ ಮೇಲಧಿಕಾರಿಯೊಬ್ಬರು ಪರದೆಯ ಮೇಲೆ ಗ್ರಾಫ್ ತೋರಿಸಿದ್ದರು: ರಾಜ್ಯದ ಜೈಲುಗಳಲ್ಲಿ ಹೆಂಗಸರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು. "ಹೆಂಗಸರೂ ಕೆಟ್ಟರು ಬಿಡ್ರಿ," ಎಂದು ಯಾರೋ ನಕ್ಕಿದ್ದರು. ಹಿಂದೊಮ್ಮೆ ಬೇರೊಂದು ಊರಲ್ಲಿ ಮಗನ ಕೇಸು ಮೈಮೇಲೆ ಹಾಕಿಕೊಂಡ ತಾಯಿಯನ್ನು ಬಂಗಾರಪ್ಪ ಕಂಡಿದ್ದರು. ಚನ್ನಗಿರಿಯಲ್ಲಿ ಗಂಡ ಮಾರಿದ ಕಳ್ಳಸಾರಾಯಿಗೆ ಹೆಂಡತಿ ಒಳಗೆ ಹೋಗಿದ್ದಳು. ಮೇಲೇರುವ ಆ ಗೆರೆಯೊಳಗೆ ಹೀಗೆ ತಳ್ಳಿಸಿಕೊಂಡವರು ಇನ್ನೆಷ್ಟು ಮಂದಿಯೋ!

ಸುಳ್ಳು ದೂರು, ಸಾಕ್ಷ್ಯ ನಾಶದ ಆರೋಪದ ಮೇಲೆ ಮುರುಗೇಶಪ್ಪನನ್ನು ಬಂಧಿಸಿದರು. ವಿಚಾರಣೆ ಬಿಗಿಯಾದಾಗ ಮಗ ಅಡಗಿದ ಜಾಗವನ್ನು ಅವನೇ ಬಾಯಿಬಿಟ್ಟ.

ಮರುದಿನ ಬೆಳಿಗ್ಗೆ ಪೊಲೀಸರು ಸೂಳೆಕೆರೆ ಬಳಿಯ ಪಂಪ್‌ಹೌಸಿಗೆ ಹೋದಾಗ ಕೊಟ್ರೇಶ್ ನಿದ್ದೆಯಲ್ಲಿದ್ದ. ಬೇಡಿ ಹಾಕಿದಾಗ ಕಣ್ಣುಜ್ಜಿಕೊಂಡು ಕೇಳಿದ: "ಯಾಕ್ರೀ, ಅವ್ಳು ಒಪ್ಕೊಂಡಿಲ್ವೇನ್ರೀ?"

ನೇತ್ರಾವತಿ ಪಕ್ಕಕ್ಕೆ ತಿರುಗಿ ಉಗುಳಿದಳು.

ಕುಡುಗೋಲು ಅವನು ತೋರಿಸಿದ ಕಾಲುವೆಯಲ್ಲಿ ಸಿಕ್ಕಿತು. ಕಾರಣ ಕೇಳಿದ್ದಕ್ಕೆ ಮರೆಮಾಚದೆ ಹೇಳಿದ. ಕೊಲೆಯಾದ ದಿನ ಬೆಳಿಗ್ಗೆ ಅಂಗಳದಲ್ಲಿ ಅವನು ಹೆಂಡತಿಗೆ ಕೋಲಿನಿಂದ ಹೊಡೆಯುತ್ತಿದ್ದ. ಬಸವರಾಜ್ ಕೋಲು ಕಸಿದು ಅವನ ಕಪಾಳಕ್ಕೆ ಬಾರಿಸಿದ್ದ.

"ಕೂಲಿಯೋರ ಮುಂದೆ ಹೊಡೆದ್ರೆ ಗಂಡಸಾದೋನು ಹೆಂಗ್ರೀ ಸುಮ್ನಿರಾಕಾಗುತ್ತೆ?"

ಅಂದು ಮಧ್ಯಾಹ್ನ ಬಸವರಾಜ್ ಮೇಘಶ್ರೀಯನ್ನೂ ಮಗುವನ್ನೂ ತಾನೇ ಬಸ್ಸು ಹತ್ತಿಸಿ ತವರಿಗೆ ಕಳಿಸಿದ್ದ. ಅದೇ ರಾತ್ರಿ ಅವನು ಎತ್ತುಗಳಿಗೆ ಮೇವು ಹಾಕಲು ಕೊಟ್ಟಿಗೆಗೆ ಹೋದಾಗ ಕೊಟ್ರೇಶ್ ಬಾಗಿಲ ಹಿಂದೆ ನಿಂತಿದ್ದ.