ಅಳಿಸಿಹೋದ ಕೆಂಪು ಅಕ್ಷರ

ಧಡ್!

ಹಿಂದಿನ ಪಿಕಪ್ ಮತ್ತೆ ನನ್ನ ಕಾರಿಗೆ ಗುದ್ದಿತು.

ಆಸ್ಟ್ರೇಲಿಯಾದ ಪೋರ್ಟ್ ಆಗಸ್ಟಾ ಊರು ದಾಟಿದ ಮೇಲೆ ರಸ್ತೆಯಲ್ಲಿ ನಾವಿಬ್ಬರೇ. ಕೆಂಪು ಧೂಳು, ಸುಡುವ ಬಿಸಿಲು. ನನ್ನ ಹಿಂದಿನ ಸೀಟಿನಲ್ಲಿ, ಗುಜರಿಗೆ ಹೋಗಲಿದ್ದ ಒಂದು ಕಂಪ್ಯೂಟರ್. ಅವನಿಗೆ ಬೇಕಾಗಿದ್ದದ್ದು ಅದೇ!

ಅವನು ಗ್ರೇಮ್. ಅದಿರು ಕಂಪನಿಯ ಮ್ಯಾನೇಜರ್.

ಪಕ್ಕಕ್ಕೆ ಬಂದು ಅರಚಿದ. "ಲೋರ್ನಾ! ಆ ಡಬ್ಬಾ ಕೊಟ್ಟು ಮನೆಗೆ ಹೋಗ್ತಾ ಇರು!"

"ಮನೇಲಿ ಯಾರಿದ್ದಾರೆ ಅಂತ ಹೋಗ್ಲಿ?"

ತಮಾಷೆಗೆ ಹೇಳಿದ್ದಲ್ಲ...

ಸ್ಟಿಯರಿಂಗ್ ತಿರುಗಿಸಿದೆ. ನೇರ ಒಣಗಿದ ಉಪ್ಪಿನ ಕೆರೆಗೆ! ನನ್ನ ಪುಟ್ಟ ಕಾರು ಬಿಳಿ ಪದರದ ಮೇಲೆ ಹಗುರಾಗಿ ಓಡಿತು. ಅವನ ಪಿಕಪ್ ಭಾರ... ಪದರ ಒಡೆದು ಚಕ್ರಗಳು ಕೆಸರಿನಲ್ಲಿ ಹೂತವು.

ಕನ್ನಡಿಯಲ್ಲಿ ಅವನು ಮುಷ್ಟಿ ಆಡಿಸುತ್ತಿದ್ದ. ನಾನು ಟಾಟಾ ಮಾಡಿದೆ.

ನಾನು ತಲುಪಿದಾಗ ಕಾಲಿನ್ ಟ್ರೆಜೈಸ್ ತನ್ನ ಅಡುಗೆಮನೆಯಲ್ಲಿ ಒಬ್ಬನೇ ಕೂತಿದ್ದ. ಅದಿರು ಸಾಗಿಸುವ ಬೆಲ್ಟ್ ನಡೆಸುವ ಹಿರಿಯ ಆಪರೇಟರ್. ಬೆಲ್ಟ್ ಮೇಲೆ ಆಳು ಇದ್ದಾಗಲೇ ಇವನು ಸ್ವಿಚ್ ಒತ್ತಿದ ಎಂಬುದು ಕಂಪನಿಯ ಆರೋಪ. ಸತ್ತವನು ಡಾರ್ಸಿ, ಕಾಲಿನ್‌ನ ಮೀನುಬೇಟೆಯ ಜೊತೆಗಾರ. ಆವತ್ತಿನಿಂದ ಈ ಮನೆಯ ಬಾಗಿಲು ಯಾರೂ ತಟ್ಟಿರಲಿಲ್ಲ. ಅವನ ಮೇಲಿನ ಕೇಸಿಗಾಗಿಯೇ ಕಾರ್ಮಿಕ ಸಂಘ ಕಂಪ್ಯೂಟರ್ ತಜ್ಞೆಯಾದ ನನ್ನನ್ನು ಕರೆಸಿತ್ತು.

"ಪರದೆ ಮೇಲೆ ಏನೂ ಇರ್ಲಿಲ್ಲ ಕಣಮ್ಮ..."

"ಇತ್ತು. ನೋಡಿ."

ಕಂಪ್ಯೂಟರ್ ಆನ್ ಮಾಡಿದೆ. ಪ್ರೋಗ್ರಾಮಿನ ವಿಂಡೋ ತೆರೆಯಿತು. ಅದರ ಮೇಲೆ ಕೆಂಪು ಅಕ್ಷರ: ಬೆಲ್ಟ್ ಮೇಲೆ ಆಳು ಇದ್ದಾನೆ!

ಇನ್ನೊಂದು ವಿಂಡೋ ಎಳೆದು ಆ ಅಕ್ಷರವನ್ನು ಮರೆಮಾಡಿದೆ. ಸರಿಸಿದೆ.

ಅಕ್ಷರ ಮಾಯ!

"ಮೇಲಿನ ವಿಂಡೋ ಸರಿದ ತಕ್ಷಣ, ಕೆಳಗಿನದಕ್ಕೆ 'ಮತ್ತೆ ಬರಿ' ಅಂತ ಸಿಸ್ಟಮ್ ಹೇಳುತ್ತೆ. ಈ ಪ್ರೋಗ್ರಾಮ್ ಒಂದೇ ಸಲ ಬರೆದು ಸುಮ್ನಾಗ್ತಿತ್ತು. ಆವತ್ತು ಬೇರೇನೋ ಸಂದೇಶದ ವಿಂಡೋ ಬಂತು, ಹೋಯ್ತು... ಎಚ್ಚರಿಕೇನೂ ಅಳಿಸ್ಕೊಂಡು ಹೋಯ್ತು. ಪ್ರೋಗ್ರಾಮ್ ಬರೆದವನು ಮೊದಲೇ ಗ್ರೇಮ್‌ಗೆ ಹೇಳಿದ್ನಂತೆ. ಅದನ್ನ ಸರಿಮಾಡೋಕಂತ ಬೆಲ್ಟ್ ನಿಲ್ಲಿಸೋಕೆ ಆಗಲ್ಲ ಅಂದ್ನಂತೆ ಗ್ರೇಮ್."

"ಇನ್ನೊಂದ್ಸಲ ತೋರ್ಸು."

ತೋರಿಸಿದೆ.

"ಇನ್ನೊಂದ್ಸಲ..."

ಮತ್ತೆ ತೋರಿಸಿದೆ. ಅವನು ಕೇಳಿದ: "ಇದನ್ನ ಸರಿಮಾಡೋಕೆ ಎಷ್ಟು ಹೊತ್ತು ಬೇಕಿತ್ತು?"

ಸುಳ್ಳು ಹೇಳಬಹುದಿತ್ತು.

"ಒಂದು ಟೀ ಕುಡಿಯೋಷ್ಟು."

ಅವನು ಮೆಲ್ಲನೆ ಎದ್ದು ಕೆಟಲ್ ಇಟ್ಟ. ಎರಡು ಕಪ್ ತೊಳೆದ.

ಈ ಸಾಕ್ಷಿಯಿಂದ ಕೇಸು ನಾವು ಗೆದ್ದ ಹಾಗೇ ಆಗಿತ್ತು. ಅಷ್ಟು ಸದ್ದಿಲ್ಲದ ವಿಜಯೋತ್ಸವವನ್ನು ನಾನು ಇನ್ನೆಲ್ಲೂ ನೋಡಿಲ್ಲ!