ದಾನಮ್ಮ ನೇಯ್ದ ಒಂದು ಗೇಣು

“ನಾನು ನೇಯ್ದ ಮೂರು ಸಾಲು ಸೀರೆಯಲ್ಲೇ ಇರುತ್ತಲ್ವಾ?” ಕರಿ ಕನ್ನಡಕದ ಮೇಡಂ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದ ಮೇಲೇಳುತ್ತ ಕೇಳಿದರು.

“ಇರ್ತಾವ್ರಿ ಮೇಡಂ. ಸೀರಿ ಹರಿಯೂತನಕ ಇರ್ತಾವ್ರಿ,” ಎಂದಳು ದಾನಮ್ಮ.

ಹೀಗೆ ಹೇಳುವುದೇ ಅವಳ ಡ್ಯೂಟಿ. ಐದನೇ ಕ್ಲಾಸಿನ ಹುಡುಗಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಲು ಬರುವುದಿಲ್ಲ ನಿಜ. ಆದರೆ ವಾರಕ್ಕೆರಡು ಸಲ ಪ್ರಾಕ್ಟೀಸ್ ಸಿಕ್ಕರೆ ಯಾರಿಗಾದರೂ ಬಂದೀತು.

ಬಾದಾಮಿಯ ಗುಹೆ ನೋಡಿ ಮುಗಿಸಿದವರನ್ನು ವ್ಯಾನಿನಲ್ಲಿ ತುಂಬಿಕೊಂಡು ಇಳಕಲ್ಲಿನ ಈ ಮನೆಗೆ ಕರೆತರುವವನು ಗೈಡ್ ಪ್ರವೀಣಕುಮಾರ. ಕಾರ್ಯಕ್ರಮದ ಹೆಸರು ‘ನೇಕಾರರೊಂದಿಗೆ ಒಂದು ದಿನ’. ಆ ಒಂದು ದಿನ ಒಂದೂವರೆ ತಾಸಿನಲ್ಲಿ ಮುಗಿಯುತ್ತದೆ. ಅದರಲ್ಲಿ ಅರ್ಧ ತಾಸು ಗಿರ್ಮಿಟ್ಟು, ಮಿರ್ಚಿ ತಿನ್ನುವುದಕ್ಕೇ ಹೋಗುತ್ತದೆ. ಕಲಿಯುವವರಿಗೆಂದು ದಾನಮ್ಮನ ಅವ್ವ ಮಹೇಶ್ವರಿ ಮೊದಲು ಒಂದು ಹಳೆಯ ಮಗ್ಗ ಕೊಟ್ಟಿದ್ದಳು. “ಎಕ್ಸ್‌ಪೀರಿಯನ್ಸ್ ಖರೆ ಇರಬೇಕ್ರಿ ಅಕ್ಕಾರ,” ಎಂದು ಪ್ರವೀಣಕುಮಾರ ಎಲ್ಲರನ್ನೂ ಆರ್ಡರಿನ ಸೀರೆಯ ಮಗ್ಗದಲ್ಲೇ ಕೂಡಿಸಿದ.

ವ್ಯಾನಿನ ಧೂಳು ಇಳಿಯುವ ಮೊದಲೇ ಅವ್ವ ಸೂಜಿ ಹಿಡಿದು ಕೂತಳು. ಮೇಡಂ ಅವರ ಮೂರು ಸಾಲು, ಅವರ ಯಜಮಾನರ ಎರಡು ಸಾಲು, ಲಾಳಿಯನ್ನು ಕ್ರಿಕೆಟ್ ಬಾಲ್ ಎಸೆದಂತೆ ಎಸೆದ ಅಂಕಲ್ಲಿನ ಒಂದು ಸಾಲು, ಎಲ್ಲವೂ ಬಿಚ್ಚಿ ಬುಟ್ಟಿಗೆ ಬಿದ್ದವು.

“ಪಾಪ, ಅವರು ಆಗಲೇ ಸ್ಟೇಟಸ್ ಹಾಕಿರ್ತಾರ,” ಎಂದು ದಾನಮ್ಮ ನಕ್ಕಳು.

“ಹಾಕ್ಲಿ. ಸ್ಟೇಟಸ್ ಯಾರೂ ಉಟ್ಕೊಳ್ಳೂದಿಲ್ಲಲ್ಲ.”

ನಗುವ ಹಕ್ಕು ತನಗಿದೆ ಎಂದು ದಾನಮ್ಮ ತಿಳಿದಿದ್ದಳು. ಅವಳು ಪ್ರವಾಸಿ ಅಲ್ಲ, ನೇಕಾರರ ಮಗಳು. ದಿನಾ ಸಂಜೆ ಅದೇ ಸೀರೆಯಲ್ಲಿ ಹತ್ತು ಸಾಲು ನೇಯುತ್ತಿದ್ದಳು. ಅವ್ವ ನೋಡಿ “ಭಾಳ ಛಂದ ಆತು” ಅನ್ನುತ್ತಿದ್ದಳು. ಸೀರೆ ಬೇರೆ ಯಾರದೋ ಅಲ್ಲ, ದಾನಮ್ಮನ ಕ್ಲಾಸಿನ ರಾಜಶ್ರೀ ಮಿಸ್ ಅವರದು. ಜನವರಿ ಇಪ್ಪತ್ತಾರಕ್ಕೆ ಉಡುವವರಿದ್ದರು. ಅದರಲ್ಲಿ ಒಂದು ಗೇಣು ತನ್ನದೇ ಎಂದು ದಾನಮ್ಮ ಇಡೀ ಕ್ಲಾಸಿಗೆ ಸಾರಿಯಾಗಿತ್ತು. ಪಕ್ಕದ ಬೆಂಚಿನ ವಿದ್ಯಾಳಿಗೆ ಮಾತ್ರ ನಂಬಿಕೆ ಬರಲಿಲ್ಲ. “ಮಿಸ್ ಉಟ್ಕೊಂಡ್ ಬಂದಾಗ ತೋರಸ್ತೇನಿ ನೋಡು,” ಎಂದು ಅವಳಿಗೆ ಪ್ರಾಮಿಸ್ ಕೂಡ ಮಾಡಿದ್ದಳು.

ಸೋಮವಾರ ಮಾಸ್ತರರ ಮೀಟಿಂಗ್ ಎಂದು ಶಾಲೆ ಹತ್ತೂವರೆಗೇ ಬಿಟ್ಟಿತು. ದಾನಮ್ಮ ಕುಣಿಯುತ್ತ ಮನೆಗೆ ಬಂದರೆ ಅವ್ವ ಸೂಜಿ ಹಿಡಿದು ಕೂತಿದ್ದಳು. ಹಿಂದಿನ ದಿನ ಯಾವ ವ್ಯಾನೂ ಬಂದಿರಲಿಲ್ಲ.

“ಅವು ನನ್ನ ಸಾಲು,” ಎಂದಳು ದಾನಮ್ಮ.

ಅವ್ವ ಸೂಜಿ ಬಚ್ಚಿಡಲಿಲ್ಲ. “ಹೌದು.”

“ದಿನಾ ಬಿಚ್ಚತಿಯೇನು?”

“ನೀ ಶಾಲಿಗೆ ಹ್ವಾದಮ್ಯಾಲೆ.”

“ಮತ್ತ ಭಾಳ ಛಂದ ಆತು ಅಂತಿದ್ದಿ?”

“ವ್ಯಾನಿನವರಿಗೂ ಹಂಗ ಹೇಳತೇನಲ್ಲ.”

ಇದಕ್ಕಿಂತ ಎರಡೇಟು ಕೊಟ್ಟಿದ್ದರೂ ವಾಸಿಯಿತ್ತು. ದಾನಮ್ಮನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆ ಬಂತು. ಒಂದು ಗೇಣು ಹಾಗಿರಲಿ, ಸೀರೆಯಲ್ಲಿ ಒಂದು ಎಳೆಯೂ ಅವಳದಾಗಿರಲಿಲ್ಲ. ಕರಿ ಕನ್ನಡಕದ ಮೇಡಂ ಮತ್ತು ಅವಳು ಒಂದೇ ಬುಟ್ಟಿಯವರು. ನಾಲ್ಕು ದಿನ ಅವಳು ಮಗ್ಗದ ಕಡೆ ತಲೆ ಹಾಕಲಿಲ್ಲ. ಅವ್ವ ಕರೆಯಲೂ ಇಲ್ಲ.

ಶನಿವಾರ ಮತ್ತೆ ವ್ಯಾನ್ ಬಂತು. ಈ ಸಲ ಅದರಲ್ಲಿ ಮೈಸೂರಿನ ಹುಡುಗಿಯೊಬ್ಬಳಿದ್ದಳು, ಹೆಸರು ಪ್ರಿಯದರ್ಶಿನಿ, ದಾನಮ್ಮನದೇ ವಯಸ್ಸು. ನಾಲಿಗೆ ಕಚ್ಚಿಕೊಂಡು ನಾಲ್ಕು ಸಾಲು ನೇಯ್ದಳು. ಫೋಟೋ ತೆಗೆಯಲು ಬಂದ ಅಪ್ಪನನ್ನು ಆಚೆ ಸರಿಸಿ, “ಇದು ಇಲ್ಲೇ ಇರುತ್ತಾ?” ಎಂದು ದಾನಮ್ಮನನ್ನು ಕೇಳಿದಳು.

ಡ್ಯೂಟಿಯ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಹುಡುಗಿ ತನ್ನ ಸಾಲುಗಳನ್ನೇ ನೋಡುತ್ತಿದ್ದಳು.

“ಇರಂಗಿಲ್ಲ,” ಎಂದಳು ದಾನಮ್ಮ. “ನೀವು ಹ್ವಾದಮ್ಯಾಲೆ ಬಿಚ್ಚತೇವಿ. ನಂದೂ ಬಿಚ್ಚತಾರ.”

ಪ್ರವೀಣಕುಮಾರನಿಗೆ ಮಿರ್ಚಿ ಗಂಟಲಲ್ಲಿ ಸಿಕ್ಕಿತು. ದೊಡ್ಡವರೆಲ್ಲ ಅವ್ವನ ಮುಖ ನೋಡಿದರು.

“ಖರೇನ ಐತ್ರಿ,” ಎಂದಳು ಅವ್ವ.

“ಯಾಕೆ ಬಿಚ್ತೀರಾ?” ಪ್ರಿಯದರ್ಶಿನಿ ಕೇಳಿದಳು. ಈ ಪ್ರಶ್ನೆಯನ್ನು ದಾನಮ್ಮ ಅವ್ವನಿಗೆ ಕೇಳಿಯೇ ಇರಲಿಲ್ಲ. ಸಿಟ್ಟು ಮಾಡಿಕೊಳ್ಳುವುದರಲ್ಲಿ ಪುರುಸೊತ್ತಾಗಿರಲಿಲ್ಲ.

ಅವ್ವ ಇಬ್ಬರ ಹೆಬ್ಬೆರಳನ್ನೂ ಹಿಡಿದು ಬಟ್ಟೆಯ ಮೇಲೆ ಎಳೆದಳು. ಅವ್ವ ನೇಯ್ದಲ್ಲಿ ಬೆರಳು ತಾನಾಗಿ ಜಾರಿತು. ನಾಲ್ಕು ಸಾಲಿನ ಹತ್ತಿರ ಬಂದಾಗ ಎಡವಿತು.

“ಹಾಗಾದ್ರೆ ನಾನೇ ಬಿಚ್ಚಲಾ?” ಎಂದಳು ಪ್ರಿಯದರ್ಶಿನಿ.

ಅವ್ವ ಸೂಜಿಯನ್ನು ದಾನಮ್ಮನ ಕೈಗೆ ಕೊಟ್ಟಳು. “ಇಬ್ಬರೂ ಕೂಡ್ರಿ. ಉದ್ದದ ಎಳಿ ಕಡದ್ರ ಗಂಟ್ ಬೀಳ್ತದ. ಗಂಟ್ ಬಿದ್ರ ಸೀರಿ ಕೆಡತದ.”

ನೇಯಲು ನಾಲ್ಕು ನಿಮಿಷ ಹಿಡಿದದ್ದನ್ನು ಬಿಚ್ಚಲು ಮುಕ್ಕಾಲು ತಾಸು ಬೇಕಾಯಿತು. ಪ್ರಿಯದರ್ಶಿನಿ ಅಡ್ಡ ಎಳೆ ಎತ್ತಿ ಹಿಡಿದಳು, ದಾನಮ್ಮ ಸೂಜಿಯ ತುದಿಯಿಂದ ಬಿಡಿಸಿದಳು. ಒಂದು ಕಡೆ ಉದ್ದದ ಎಳೆ ಬಿಗಿದು ಇನ್ನೇನು ಹರಿಯುವುದರಲ್ಲಿತ್ತು. ದಾನಮ್ಮ ಉಸಿರು ಹಿಡಿದು ಸಡಿಲ ಮಾಡಿದಳು. ಹೊರಗೆ ವ್ಯಾನ್ ಮೂರು ಸಲ ಹಾರ್ನ್ ಹಾಕಿತು. ನೇಕಾರರೊಂದಿಗಿನ ಒಂದು ದಿನ ಮೊದಲ ಬಾರಿಗೆ ಎರಡು ತಾಸು ದಾಟಿತ್ತು, ಪ್ರವೀಣಕುಮಾರ ವಾಚು ನೋಡಿ ನೋಡಿ ಸುಸ್ತಾಗಿದ್ದ.

ಅವರು ಹೋದ ಮೇಲೆ ಅವ್ವ ಬಿಚ್ಚಿದ ಜಾಗವನ್ನು ಬಗ್ಗಿ ನೋಡಿದಳು, ಬೆರಳಾಡಿಸಿದಳು. ಭಾಳ ಛಂದ ಆತು ಅನ್ನಲಿಲ್ಲ. ಸೂಜಿಯನ್ನೂ ಕೇಳಲಿಲ್ಲ. ಸುಮ್ಮನೆ ಲಾಳಿ ಎಸೆದು ಅಲ್ಲಿಂದಲೇ ಮುಂದೆ ನೇಯತೊಡಗಿದಳು.

ಇಪ್ಪತ್ತಾರಕ್ಕೆ ರಾಜಶ್ರೀ ಮಿಸ್ ಸೀರೆ ಉಟ್ಟು ಬಂದರು. ಧ್ವಜಕ್ಕೆ ಸಲ್ಯೂಟ್ ಹೊಡೆದ ಕೈ ಇಳಿಸುವ ಮೊದಲೇ ವಿದ್ಯಾ ಪಿಸುಗುಟ್ಟಿದಳು, “ಎಲ್ಲೈತಿ ನಿನ್ನ ಗೇಣು?”

“ಇಲ್ಲ. ಅವ್ವ ಎಲ್ಲಾ ಬಿಚ್ಚಿದಳು.”

ವಿದ್ಯಾ ಇದಕ್ಕೇ ಕಾಯುತ್ತಿದ್ದವಳಂತೆ ನಕ್ಕಳು. ದಾನಮ್ಮನ ಕಿವಿ ಬಿಸಿಯಾಯಿತು.

“ಒಂದ್ ಕಡೆ ನಾನೂ ಬಿಚ್ಚೇನಿ,” ಎಂದಳು.

“ಎಲ್ಲಿ? ತೋರಸು.”

ಮಿಸ್ ಲಾಡು ಹಂಚುತ್ತ ಸಾಲಿನಲ್ಲಿ ಹತ್ತಿರ ಬಂದರು. ದಾನಮ್ಮ ಅಂಚಿನಿಂದ ಸೊಂಟದವರೆಗೆ ಒಂದೊಂದೇ ನಿರಿಗೆಯನ್ನು ದಿಟ್ಟಿಸಿ ನೋಡಿದಳು. ಮತ್ತೊಮ್ಮೆ ನೋಡಿದಳು. ಎಲ್ಲೂ ಒಂದು ಗಂಟಿರಲಿಲ್ಲ, ಬಿಚ್ಚಿದ ಗುರುತೂ ಇರಲಿಲ್ಲ.

“ನನಗೂ ಸಿಗವಲ್ದು,” ಎಂದಳು. ಅವಳಿಗೆ ಎಷ್ಟು ಖುಷಿಯಾಗಿತ್ತೆಂದರೆ, ಲಾಡು ತೆಗೆದುಕೊಳ್ಳುವುದನ್ನೇ ಮರೆತು ನಿಂತಿದ್ದಳು.