ಕ್ಲಚ್ ಪಳಗುವ ತನಕ

"ಅಪ್ಪಾ, ಮತ್ತೆ ನಿಂತೋಯ್ತು!"

ಹಸಿರು ದೀಪ ಬಿದ್ದು ಆಗಲೇ ಮೂರು ಎಣಿಸುವಷ್ಟು ಹೊತ್ತಾಗಿತ್ತು. ಪುಟ್ಟ ಬಿಳಿ ಕಾರು ಒಂದು ಸಲ ಮುಗ್ಗರಿಸಿ, ಗಕ್ಕನೆ ನಿಂತು, ತೆಪ್ಪಗಾಗಿತ್ತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಬೈಕಿನವನೊಬ್ಬ ಪಕ್ಕದಲ್ಲಿ ನುಸುಳಿಕೊಂಡು, "ಡ್ರೈವಿಂಗ್ ಕಲಿತ್ಕೊಂಡು ರೋಡಿಗೆ ಬನ್ರೀ!" ಎಂದು ಕೂಗಿ ಹೋದ.

ನಟ್ಟು ಕಿಸಕ್ಕನೆ ನಕ್ಕಳು. ಗುಡ್ಡ ಹತ್ತುವ ಕಾರ್ ರೇಸಿನಲ್ಲಿ ಹೋದ ವರ್ಷ ನಾಲ್ಕನೆಯವನಾಗಿ ಬಂದ ಅಪ್ಪನಿಗೆ ಇವನು ಡ್ರೈವಿಂಗ್ ಪಾಠ ಹೇಳುವುದೇ!

"ನಗ್ಬೇಡ ನೀನು," ಎಂದ ಅಪ್ಪ, ತಾನೂ ನಗುತ್ತ, ಕೀ ತಿರುಗಿಸಿದ. "ಹಳೇ ಫ್ಲೈವೀಲ್ ಏಳು ಕೆಜಿ ಇತ್ತು. ಹೊಸದು ನಾಲ್ಕೇ ಕೆಜಿ. ಕಾಲು ಒಂಚೂರು ಹೆಚ್ಚುಕಮ್ಮಿ ಆದ್ರೂ ಎಂಜಿನ್ ಆಫ್ ಆಗ್ಬಿಡುತ್ತೆ."

"ಹಗುರ ಆದ್ರೆ ಒಳ್ಳೇದಲ್ವಾ?"

"ರೇಸಲ್ಲಿ ಒಳ್ಳೇದು. ಫ್ಲೈವೀಲ್ ಅಂದ್ರೆ ಎಂಜಿನ್ ಹಿಂದೆ ತಿರುಗೋ ಕಬ್ಬಿಣದ ಚಕ್ರ. ಭಾರ ಇದ್ರೆ ನಿಧಾನಕ್ಕೆ ಸ್ಪೀಡ್ ಆಗುತ್ತೆ, ನಿಧಾನಕ್ಕೆ ನಿಲ್ಲುತ್ತೆ. ಹಗುರ ಇದ್ರೆ ನಿನ್ನ ಹಾಗೆ. ಥಟ್ಟಂತ ಕುಣಿಯುತ್ತೆ, ಥಟ್ಟಂತ ಮುನಿಸ್ಕೊಳ್ಳುತ್ತೆ."

"ನಾನೇನ್ ಮುನಿಸ್ಕೊಳ್ಳಲ್ಲ!" ಎಂದು ನಟ್ಟು ಮೂತಿ ಉಬ್ಬಿಸಿದಳು. ಕಾರು ಈ ಸಲ ಮೆತ್ತಗೆ ಹೊರಟಿತು.

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿತ್ತು. ಮನೆಯಲ್ಲಿ ಮಾತ್ರ ನಟ್ಟು. ಮೂರು ವರ್ಷದವಳಿದ್ದಾಗ ಅಪ್ಪನ ವರ್ಕ್‌ಶಾಪಿನ ಟ್ರೇಗೆ ಕೈ ಹಾಕಿ, ಸಿಕ್ಕಿದ ನಟ್ಟುಗಳನ್ನೆಲ್ಲ ಫ್ರಾಕಿನ ಜೇಬಿಗೆ ತುಂಬಿಕೊಳ್ಳುತ್ತಿದ್ದಳು. ಆ ಹೆಸರು ಅಂಟಿದ್ದು ಅಂಟಿತು, ಈಗ ಹತ್ತು ವರ್ಷವಾದರೂ ಬಿಟ್ಟಿಲ್ಲ.

ಕೆಳಗೆ ವರ್ಕ್‌ಶಾಪ್, ಮೇಲೆ ಮನೆ. ಮನೆಯಲ್ಲೀಗ ಇಬ್ಬರೇ. ಅಮ್ಮ ನರ್ಸ್, ಒಂದು ವರ್ಷದ ಟ್ರೇನಿಂಗಿಗೆಂದು ದೂರದ ಊರಿಗೆ ಹೋಗಿ ಮೂರು ತಿಂಗಳಾಗಿತ್ತು. ಹೋಗುವಾಗ ಎರಡು ಸೂಟ್‌ಕೇಸ್ ತೆಗೆದುಕೊಂಡು ಹೋದಳು. ಅವುಗಳ ಜೊತೆ ಮನೆಯ ಮಾತೂ ಹೋಯಿತು ಎಂದು ನಟ್ಟುವಿಗೆ ಅನ್ನಿಸುತ್ತಿತ್ತು.

ಅಪ್ಪ ಕೆಟ್ಟವನಲ್ಲ. ಸಮಯಕ್ಕೆ ಸರಿಯಾಗಿ ಊಟ ಹಾಕುತ್ತಿದ್ದ, ಯೂನಿಫಾರ್ಮಿಗೆ ಇಸ್ತ್ರಿ ಮಾಡುತ್ತಿದ್ದ, ಜಡೆ ಕೂಡ ಹೆಣೆಯುತ್ತಿದ್ದ. ಆ ಜಡೆ ವೈರು ಸುತ್ತಿದ ಹಾಗೆ ಬಿಗಿಯಾಗಿ ಬರುತ್ತಿತ್ತು ಅಷ್ಟೆ. ಆದರೆ ಮಾತು? ಎದುರುಬದುರು ಕುರ್ಚಿಯಲ್ಲಿ ಊಟಕ್ಕೆ ಕೂತರೆ ಅಪ್ಪ ತಟ್ಟೆ ನೋಡುತ್ತಿದ್ದ, ನಟ್ಟು ಅಪ್ಪನನ್ನು ನೋಡುತ್ತಿದ್ದಳು.

"ಸ್ಕೂಲು?"

"ಚೆನ್ನಾಗಿತ್ತು."

"ಹೂಂ."

ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಸ್ಕೂಲ್ ಬಸ್ಸಿನಲ್ಲೂ ಅದೇ ಕತೆ. ದಿನಾ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ ಬೇರೆ ಸ್ಕೂಲಿಗೆ ಸೇರಿಕೊಂಡಿದ್ದಳು. ಆ ಸೀಟಿನಲ್ಲಿ ಈಗ ನಟ್ಟುವಿನ ಬ್ಯಾಗು ಕೂರುತ್ತಿತ್ತು. ಬ್ಯಾಗಿನ ಜೊತೆ ಎಷ್ಟು ಹೊತ್ತು ಮಾತಾಡಲಾಗುತ್ತದೆ? ಫೋನಿನಲ್ಲಿ ಅಮ್ಮ ಕೇಳಿದರೆ, "ಎಲ್ಲಾ ಸರಿಯಿದೆ ಅಮ್ಮಾ," ಎನ್ನುತ್ತಿದ್ದಳು.

ಆಗ ಬಂತು ಈ ಹೊಸ ಕ್ಲಚ್ಚು.

ಹೋದ ವರ್ಷದ ರೇಸಿನಲ್ಲಿ ಕೊನೆಯ ತಿರುವಿಗೆ ಬಂದಾಗ ಹಳೆಯ ಕ್ಲಚ್ ಜಾರಿತ್ತು. ಎಂಜಿನ್ ಅರಚಿಕೊಂಡರೂ ಚಕ್ರಕ್ಕೆ ಬಲ ಹೋಗಲಿಲ್ಲ. ಅರ್ಧ ಸೆಕೆಂಡಿನ ಅಂತರದಲ್ಲಿ ಮೂರನೇ ಸ್ಥಾನ ಕೈತಪ್ಪಿತು. ಅಪ್ಪ ಮುಂದಿನ ರೇಸಿಗಾಗಿ ಒಂದು ವರ್ಷ ಕಾದ. ಆಮೇಲೆ ಗೇರ್‌ಬಾಕ್ಸ್ ಇಳಿಸಿ, ಹಗುರವಾದ ಫ್ಲೈವೀಲೂ ಬಿಗಿ ಹಿಡಿತದ ಕ್ಲಚ್ಚೂ ಹಾಕಿದ. ಹಾಕಿದ ಕೂಡಲೇ ರೇಸಿಗೆ ಹೊರಡುವಂತಿರಲಿಲ್ಲ.

"ಎರಡು ಅಂಗೈನೂ ಸೇರ್ಸಿ ಒತ್ತು," ಎಂದು ಅಪ್ಪ ಮೊದಲ ದಿನ ಕಾರಿನಲ್ಲಿ ಹೇಳಿಕೊಟ್ಟಿದ್ದ. "ಒಂದು ಕೈ ಫ್ಲೈವೀಲು, ಒಂದು ಕೈ ಕ್ಲಚ್ ಪ್ಲೇಟು. ಒತ್ಕೊಂಡ್ರೆ ಎರಡೂ ಒಟ್ಟಿಗೆ ತಿರುಗ್ತವೆ, ಕಾರು ಓಡುತ್ತೆ. ಆದ್ರೆ ಹೊಸದರಲ್ಲಿ ಎರಡಕ್ಕೂ ಪರಿಚಯ ಇರಲ್ಲ. ಅಲ್ಲೊಂಚೂರು ಇಲ್ಲೊಂಚೂರು ತಾಗ್ತವೆ ಅಷ್ಟೆ. ನಿಲ್ಸಿ, ಹೊರಡ್ಸಿ, ನಿಲ್ಸಿ, ಹೊರಡ್ಸಿ, ಮೆತ್ತಗೆ ಓಡಿಸ್ತಾ ಇದ್ರೆ ಪಳಗ್ತವೆ."

"ಎಷ್ಟು ದಿನ?"

"ಎಂಟುನೂರು ಕಿಲೋಮೀಟರ್. ಅಷ್ಟರೊಳಗೆ ಜೋರು ಮಾಡಿದ್ರೆ ಪ್ಲೇಟು ಸುಟ್ಟೋಗುತ್ತೆ."

ನಿಲ್ಲಿಸಿ ಹೊರಡಿಸುವುದಕ್ಕೆ ಸ್ಕೂಲಿನ ದಾರಿಗಿಂತ ಒಳ್ಳೆಯ ದಾರಿ ಎಲ್ಲಿದೆ? ಹನ್ನೊಂದು ಸಿಗ್ನಲ್ಲು, ಒಂದು ಮಾರ್ಕೆಟ್ಟು, ಒಂದು ರೈಲ್ವೆ ಗೇಟು. ಬೆಳಿಗ್ಗೆ ಅಪ್ಪ ನಟ್ಟುವನ್ನು ಸ್ಕೂಲಿಗೆ ಬಿಟ್ಟು, ಊರು ಸುತ್ತಿಕೊಂಡು ವಾಪಸ್ಸು ಬಂದರೆ ನಲವತ್ತು ಕಿಲೋಮೀಟರ್ ಆಗುತ್ತಿತ್ತು. ವರ್ಕ್‌ಶಾಪ್ ತೆರೆಯುವುದು ಎಂಟರ ಬದಲು ಒಂಬತ್ತೂವರೆಗೆ ಆಯಿತು.

ಕಾರಿನಲ್ಲಿ ಅಪ್ಪ ಬೇರೆಯೇ ಮನುಷ್ಯ. ಕಣ್ಣು ರಸ್ತೆಯ ಮೇಲೆ, ಬಾಯಿ ಮಾತ್ರ ಎಗ್ಗಿಲ್ಲದೆ ನಡೆಯುತ್ತಿತ್ತು. ತಾನು ಚಿಕ್ಕವನಿದ್ದಾಗ ಅಜ್ಜನ ಗಡಿಯಾರ ಬಿಚ್ಚಿ, ಜೋಡಿಸಲು ಬಾರದೆ ಬಾವಿಕಟ್ಟೆಯ ಹಿಂದೆ ಅಡಗಿಸಿಟ್ಟದ್ದು, ಮದುವೆಗೆ ಮುಂಚೆ ಅಮ್ಮನ ಸ್ಕೂಟರ್ ರಿಪೇರಿ ಮಾಡುವ ನೆಪದಲ್ಲಿ ನಾಲ್ಕು ಸಲ ಅವಳನ್ನು ವರ್ಕ್‌ಶಾಪಿಗೆ ಕರೆಸಿದ್ದು, ಎಲ್ಲ ಹೇಳಿದ. ನಟ್ಟುವೂ ಹೇಳಿದಳು. ಲೆಕ್ಕದ ಟೀಚರ್ ಸೀನಿದರೆ ಕನ್ನಡಕ ಬೀಳುವುದರಿಂದ ಹಿಡಿದು, ಬಸ್ಸಿನಲ್ಲಿ ಪಕ್ಕಕ್ಕೆ ಯಾರೂ ಕೂರದಿರುವುದರವರೆಗೆ. ಅಪ್ಪ "ಹೂಂ" ಎಂದ. ಆದರೆ ಕಾರಿನ "ಹೂಂ" ಬೇರೆ ಥರ ಇತ್ತು.

ಸ್ಟೀರಿಂಗಿನ ಹಿಂದೆ ಒಂದು ಸಣ್ಣ ಕಿಂಡಿಯಲ್ಲಿ ಮೂರು ಅಂಕಿ ಕಾಣುತ್ತಿದ್ದವು. ಓಡಿದ ಕಿಲೋಮೀಟರ್ ಎಣಿಸುವ ಟ್ರಿಪ್ ಮೀಟರ್. ಕ್ಲಚ್ ಹಾಕಿದ ದಿನ ಅಪ್ಪ ಅದನ್ನು ಸೊನ್ನೆ ಮಾಡಿದ್ದ. ದಿನಾ ಬೆಳಿಗ್ಗೆ ಕಾರು ಹತ್ತಿದ ಕೂಡಲೇ ಅದನ್ನು ಓದಿ ಹೇಳುವುದು ನಟ್ಟುವಿನ ಕೆಲಸ. ಇನ್ನೂರು, ಇನ್ನೂರಾ ನಲವತ್ತು, ನಾನೂರು. ಮೊದಮೊದಲು ಖುಷಿಯಿಂದ ಕೂಗಿ ಹೇಳುತ್ತಿದ್ದಳು. ಆರುನೂರು ದಾಟಿದ ಮೇಲೆ ಅವಳ ದನಿ ಸಣ್ಣದಾಯಿತು.

ಒಂದು ಶುಕ್ರವಾರ ಬೆಳಿಗ್ಗೆ ನೋಡಿದರೆ ಏಳುನೂರಾ ಇಪ್ಪತ್ತು.

ಶನಿವಾರ, ಭಾನುವಾರ ಸ್ಕೂಲಿಲ್ಲ. ಇವತ್ತೊಂದು, ಸೋಮವಾರ ಒಂದು. ಇನ್ನೆರಡೇ ದಿನ. ಆಮೇಲೆ ಮತ್ತೆ ಬಸ್ಸು, ಮತ್ತೆ ಬ್ಯಾಗು.

ಅಪ್ಪ ವರ್ಕ್‌ಶಾಪಿನ ಷಟರಿಗೆ ಬೀಗ ಹಾಕುತ್ತಿದ್ದ. ಅಂಕಿಗಳ ಪಕ್ಕದಲ್ಲಿ, ಸೊನ್ನೆ ಮಾಡಲು ಅವನು ಮೊದಲ ದಿನ ಒತ್ತಿದ್ದ ಕಪ್ಪು ಗುಂಡಿ ಇತ್ತು. ನಟ್ಟು ಬಾಗಿದಳು, ಕೈ ಚಾಚಿದಳು, ಒತ್ತಿಬಿಟ್ಟಳು. ಕಟಕ್! ಮೂರು ಸೊನ್ನೆಗಳು ಬಂದು ಕೂತವು. ನಟ್ಟು ಸರಕ್ಕನೆ ತನ್ನ ಸೀಟಿಗೆ ಒರಗಿ ಕೂತಳು.

ಅಪ್ಪ ಬಂದು ಕೂತ. ಕೀಲಿಯ ಮೇಲಿಟ್ಟ ಕೈ ಹಾಗೇ ನಿಂತಿತು.

"ಅರೆ! ಸೊನ್ನೆ ಆಗಿದೆಯಲ್ಲ."

ನಟ್ಟು ಕಿಟಕಿಯಾಚೆ ಇದ್ದ ಲೈಟುಕಂಬವನ್ನು ಜೀವಮಾನದಲ್ಲೇ ಕಂಡಿಲ್ಲವೆಂಬಂತೆ ನೋಡುತ್ತಿದ್ದಳು.

"ಸರಿ ಬಿಡು," ಎಂದ ಅಪ್ಪ, ಕೀ ತಿರುಗಿಸುತ್ತ. "ಹಾಗಾದ್ರೆ ಮತ್ತೆ ಸೊನ್ನೆಯಿಂದ ಶುರು."

ಮುಂದಿನ ವಾರವೆಲ್ಲ ಕಾರಿನ ಸವಾರಿ ಸಿಕ್ಕಿತು. ಆದರೆ ಕದ್ದು ತಿಂದ ಸಿಹಿಯಂತೆ, ಪೂರಾ ರುಚಿ ಹತ್ತಲಿಲ್ಲ.

ಶನಿವಾರ ಮಧ್ಯಾಹ್ನ ಟೈರ್ ಮಾಮ ಬಂದ. ಬೀದಿಯ ತುದಿಯಲ್ಲಿ ಟೈರ್ ಅಂಗಡಿ ಇಟ್ಟಿರುವ ಅವನು ಅಪ್ಪನ ಹಳೆಯ ಗೆಳೆಯ. ಅವನ ದನಿಗೆ ಮೈಕು ಬೇಡ. ಮಹಡಿ ಮೆಟ್ಟಿಲ ಮೇಲೆ ಕೂತಿದ್ದ ನಟ್ಟುವಿಗೆ ಒಂದೊಂದು ಮಾತೂ ಕೇಳಿಸಿತು.

"ಏನಯ್ಯಾ, ಹೆಸ್ರು ಕೊಡ್ಲೋ ಬೇಡ್ವೋ? ಇವತ್ತು ಸಂಜೆ ಆರಕ್ಕೆ ಕ್ಲೋಸು. ನಾಳೆ ಬಿಟ್ಟು ಮುಂದಿನ ಭಾನುವಾರ ರೇಸು."

"ಈ ಸಲ ಬಿಟ್ಬಿಡು. ಕ್ಲಚ್ ಇನ್ನೂ ಪಳಗಿಲ್ಲ."

"ಇನ್ನೂನಾ? ಆನೆ ಆಗಿದ್ರೂ ಇಷ್ಟೊತ್ತಿಗೆ ಪಳಗ್ತಿತ್ತಲ್ಲಯ್ಯಾ! ಒಂದು ವರ್ಷದಿಂದ ಜಪ ಮಾಡ್ತಿದ್ದೆ ನೀನು!"

"ಮುಂದಿನ ವರ್ಷ ನೋಡೋಣ."

ಟೈರ್ ಮಾಮ ಗೊಣಗುತ್ತ ಹೋದ. ಅಪ್ಪ ಕೈ ತೊಳೆದುಕೊಂಡು ಅಡುಗೆಗೆಂದು ಮೇಲೆ ಬಂದ. ದಾರಿ ಬಿಟ್ಟು ಸರಿದ ನಟ್ಟುವಿಗೆ ಅವನ ಮುಖ ನೋಡಲಾಗಲಿಲ್ಲ. ಒಂದು ವರ್ಷ ಕಾದ ರೇಸು ಒಂದು ಗುಂಡಿಯಿಂದ ಹೋಯಿತಲ್ಲ! ಒತ್ತಿದ ಬೆರಳನ್ನು ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು.

ಅವಳು ಸರಸರನೆ ಕೆಳಗಿಳಿದು ಕಾರಿನ ಡ್ರೈವರ್ ಸೀಟಿನಲ್ಲಿ ಕೂತಳು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರೆ ಹಳೆಯ ಅಂಕಿ ಬರಬಹುದೇ? ತಿರುಗಿಸಿದಳು, ಎಳೆದಳು. ಏನೂ ಆಗಲಿಲ್ಲ. ಇನ್ನೂರಾ ನಲವತ್ತು ಅಲ್ಲಿಯೇ ಕೂತಿತ್ತು.

ಆಗಲೇ ಅವಳಿಗೆ ಕಂಡದ್ದು, ಅದರ ಕೆಳಗೆ ಇನ್ನೊಂದು ಸಾಲು ಅಂಕಿ. ದಿನಾ ಅವಳು ಕೂರುವ ಸೀಟಿಗೆ ಅದು ಸ್ಟೀರಿಂಗಿನ ಮರೆಯಾಗುತ್ತಿತ್ತು. 62345. ಈ ಸಾಲಿಗೆ ಗುಂಡಿಯೇ ಇರಲಿಲ್ಲ. ಕಾರು ಹುಟ್ಟಿದಾಗಿನಿಂದ ಓಡಿದ್ದೆಲ್ಲ ಅಲ್ಲಿತ್ತು.

ಹಾಗಾದರೆ ಕ್ಲಚ್ ಹಾಕಿದ ದಿನ ಎಷ್ಟಿತ್ತು? ಅದನ್ನು ಹುಡುಕುವುದು ಮೆಕ್ಯಾನಿಕ್ಕನ ಮಗಳಿಗೆ ಕಷ್ಟವಲ್ಲ. ಅಪ್ಪ ಯಾವ ಗಾಡಿಗೆ ಏನು ಹಾಕಿದರೂ, ಹಾಕಿದಾಗಿನ ಕಿಲೋಮೀಟರನ್ನು ಚೀಟಿಯಲ್ಲಿ ಬರೆದು ಡ್ರೈವರ್ ಬಾಗಿಲಿನ ಸಂದಿಗೆ ಅಂಟಿಸುತ್ತಿದ್ದ. ನಟ್ಟು ಬಾಗಿಲು ಪೂರ್ತಿ ತೆರೆದು ಬಗ್ಗಿ ನೋಡಿದಳು. ಅಪ್ಪನ ಗುಂಡು ಅಕ್ಷರ: ಕ್ಲಚ್, ಫ್ಲೈವೀಲ್, 61385.

ಡ್ಯಾಶ್‌ಬೋರ್ಡಿನ ಮೇಲಿದ್ದ ಪೆನ್ನು ತೆಗೆದುಕೊಂಡು ಅಂಗೈ ಮೇಲೆ ಕಳೆದಳು. ಐದರಲ್ಲಿ ಐದು ಹೋದರೆ ಸೊನ್ನೆ. ನಾಲ್ಕರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದಿಂದ ಕಡ ತರಬೇಕು. ಎರಡು ಸಲ ಮಾಡಿದಳು. ಎರಡು ಸಲವೂ ಒಂದೇ ಉತ್ತರ ಬಂತು.

ಒಂಬೈನೂರಾ ಅರವತ್ತು!

ಎಂಟುನೂರು ಆಗಿ ನಾಲ್ಕು ದಿನದ ಓಡಾಟ ಹೆಚ್ಚೇ ಆಗಿತ್ತು. ಸೋಮವಾರವೇ ಕ್ಲಚ್ ಪಳಗಿತ್ತು. ಅಪ್ಪನಿಗೆ ಗೊತ್ತಿರಲಿಲ್ಲವೇ? ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಎಲ್ಲಿ ಏನು ಸಡಿಲಾಗಿದೆ ಎಂದು ಹೇಳುವ ಅಪ್ಪನಿಗೆ? ಈ ಚೀಟಿ ಬರೆದವನೇ ಅವನು.

ಹಾಗಾದರೆ ಟೈರ್ ಮಾಮನಿಗೆ ಯಾಕೆ ಸುಳ್ಳು ಹೇಳಿದ?

ಅವಳು ಮೇಲೆ ಹೋದಾಗ ಅಪ್ಪ ಊಟಕ್ಕೆ ಕೂತು ಕಾಯುತ್ತಿದ್ದ. ಆಲೂಗಡ್ಡೆ ಒಂದು ಕಡೆ ಕಪ್ಪಾಗಿತ್ತು. ನಟ್ಟು ಎದುರಿನ ಕುರ್ಚಿಯಲ್ಲಿ ಕೂತು, ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟಳು.

"ಅಪ್ಪಾ, ಗುಂಡಿ ಒತ್ತಿದ್ದು ನಾನು."

ಅಪ್ಪ ಅಂಗೈ ಲೆಕ್ಕವನ್ನು ನೋಡಿದ. "ಗೊತ್ತು."

"ಕ್ಲಚ್ ಪಳಗಿದೆ ಅನ್ನೋದೂ ಗೊತ್ತಾ?"

"ಹೂಂ."

"ಮತ್ತೆ ರೇಸಿಗೆ ಹೋಗಲ್ಲ ಅಂದ್ಯಲ್ಲ? ಯಾಕೆ?"

ಅಪ್ಪ ಬಾಯಿ ತೆರೆದ. ಮುಚ್ಚಿದ. ಆಲೂಗಡ್ಡೆಯ ಒಂದು ಹೋಳನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳಿದ. ಕತ್ತು ಕೆಂಪಾಯಿತು. ಹೋಂವರ್ಕ್ ಮರೆತು ಬಂದು ಟೀಚರ್ ಮುಂದೆ ನಿಂತ ಹುಡುಗರು ಹೀಗೇ ಇರುತ್ತಾರೆ.

ಹೇಳಬಾರದೆಂದು ಸುಮ್ಮನಿರುವುದಲ್ಲ ಇದು. ಹೇಳಲು ಆಗುತ್ತಿಲ್ಲ. ಎದುರಿಗೆ ಕೂತು, ಮುಖ ನೋಡಿಕೊಂಡು, ಅಪ್ಪನಿಗೆ ಆಗುವುದೇ ಇಲ್ಲ. ಇಷ್ಟು ದಿನ ಅದು ತನ್ನ ಮೇಲಿನ ಬೇಜಾರು ಎಂದುಕೊಂಡಿದ್ದಳು ನಟ್ಟು.

ಅವಳು ಎದ್ದಳು. ಕುರ್ಚಿಯನ್ನು ಕರಕರ ಸದ್ದು ಮಾಡುತ್ತ ಎಳೆದು ತಂದು ಅಪ್ಪನ ಪಕ್ಕಕ್ಕೆ, ಅವನಿಗೆ ತಾಗುವ ಹಾಗೆ ಹಾಕಿದಳು. ತಟ್ಟೆಯನ್ನೂ ಸರಿಸಿಕೊಂಡಳು. ಈಗ ಇಬ್ಬರ ಎದುರಿಗೂ ಖಾಲಿ ಗೋಡೆ.

ಅಪ್ಪ ಗೋಡೆಗೆ ಹೇಳುವವನಂತೆ ಶುರು ಮಾಡಿದ.

"ಪಳಗ್ತು ಅಂದ್ಬಿಟ್ರೆ ನಿನ್ನ ಮತ್ತೆ ಬಸ್ಸಿಗೆ ಹತ್ತಿಸ್ಬೇಕಲ್ಲ. ಎಂಟಕ್ಕೆ ಷಟರ್ ಎತ್ತಿದ್ರೆ ಸಂಜೆ ತನಕ ಬರೀ ಗಾಡಿಗಳು. ಟ್ರೇಯಲ್ಲಿ ಇನ್ನೂರು ನಟ್ಟುಗಳಿದಾವೆ. ಒಂದೂ ಮಾತಾಡಲ್ಲ."

ನಟ್ಟುವಿಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಕಣ್ಣು ತುಂಬಿತು. ಈ ಮನೆಯಲ್ಲಿ ಒಂಟಿಯಾಗಿರುವುದು ತಾನೊಬ್ಬಳೇ ಎಂದುಕೊಂಡಿದ್ದಳು.

"ಹೆಸ್ರು ಕೊಡು ಅಪ್ಪಾ," ಎಂದಳು. "ನಾನು ಬಸ್ಸಲ್ಲಿ ಹೋಗ್ತೀನಿ."

ಅಪ್ಪ ಟೈರ್ ಮಾಮನಿಗೆ ಫೋನ್ ಮಾಡಿದ. ಆ ಕಡೆಯಿಂದ ಬಂದ ಕೂಗು ಬೀದಿಗೇ ಕೇಳಿಸಿರಬೇಕು. ಅಪ್ಪ ಫೋನಿಟ್ಟು ತುತ್ತು ಬಾಯಿಗಿಟ್ಟ. ಸ್ವಲ್ಪ ಹೊತ್ತು ಅಗಿದ.

"ನಿಮ್ಮಮ್ಮ ಹೋದ ದಿನ ಸ್ಟೇಷನ್ನಿಂದ ವಾಪಸ್ ಬರುವಾಗ ನಾನು ದಾರಿ ತಪ್ಪಿದ್ದೆ, ಗೊತ್ತಾ? ಹುಟ್ಟಿದಾಗಿಂದ ಓಡಾಡಿದ ರೋಡು..."

ನಟ್ಟು ಅವನ ಕಡೆ ತಿರುಗಲಿಲ್ಲ. ಎದುರಿನ ಗೋಡೆಯನ್ನು ನೋಡುತ್ತ, "ಹೂಂ," ಎಂದಳು. ಅಪ್ಪ ಮುಂದುವರಿಸಿದ.